ಮಹಾಭೇರೀಮುಖಮೀಮಾಂಸೆ

ಚರ್ಮವಾದ್ಯವನ್ನು ಎಲ್ಲಿ ಬಡಿಯಬೇಕು, ಯಾವ ಬೆರಳಿನಿಂದ ಬಡಿಯಬೇಕು, ಬಡಿಯುವವನು ಹೇಗೆ ಕೂರಬೇಕು ಎಂದೆಲ್ಲ ಹೇಳಿ ಹೇಳಿ ಲಕ್ಷಣಗ್ರಂಥಗಳು ದಣಿದಿವೆ. ಬಡಿಯದೆ ಉಳಿದ ಬದಿಯಲ್ಲಿ ಏನು ಬರೆಯಬೇಕು, ಯಾವ ಬಣ್ಣದಲ್ಲಿ ಬರೆಯಬೇಕು, ಬರೆದದ್ದು ಉದುರಿದರೆ ಯಾರನ್ನು ಬಯ್ಯಬೇಕು ಎಂಬ ವಿಚಾರ ಬಂದಾಗ ಮಾತ್ರ ಪಂಡಿತರು ಕೆಮ್ಮಿ ಸುಮ್ಮನಾಗುತ್ತಾರೆ. ಈ ಕೊರತೆಯನ್ನು ತುಂಬುವ ಹೊಣೆ ನಮ್ಮ ಮೇಲೆ ಬಿದ್ದಿದೆ. ಯಾರೂ ಹೊರಿಸಿದ್ದಲ್ಲ. ಸೋದರಳಿಯನ ಡ್ರಮ್ಮಿಗೆ ಬಣ್ಣ ಬಳಿದು ಕೆಡಿಸಿದ ಮೇಲೆ ನಮಗೆ ವಿದ್ವತ್ತಿನ ಹೊರತು ಬೇರೆ ದಾರಿ ಉಳಿದಿರಲಿಲ್ಲ.

ಮೊದಲು ಪರಿಭಾಷೆ. ಪ್ರಸ್ತುತ ವಸ್ತುವನ್ನು ಅಂಗಡಿಯವರು ಬಾಸ್ ಡ್ರಮ್ ಎನ್ನುತ್ತಾರೆ, ಆರ್ಕೆಸ್ಟ್ರಾ ಹುಡುಗರು ಕಿಕ್ ಎನ್ನುತ್ತಾರೆ, ಬ್ಯಾಂಡ್‌ಸೆಟ್‌ನವರು ದೊಡ್ಡ ಡ್ರಮ್ ಎನ್ನುತ್ತಾರೆ. ನಾವು ಇದನ್ನು ‘ಪಾದತಾಡಿತ ಮಹಾಭೇರಿ’ ಎಂದು ಕರೆಯತಕ್ಕದ್ದು. ಹಗಲೂ ರಾತ್ರಿ ಒದೆಸಿಕೊಳ್ಳುವ ವಸ್ತುವಿಗೆ ಒಂದು ಸಂಸ್ಕೃತದ ಹೆಸರಾದರೂ ಇರಲಿ ಎಂಬ ಕನಿಕರ.

ಈ ಮಹಾಭೇರಿಗೆ ಎರಡು ಮುಖ. ಹಿಂದಿನದು ತಾಡಿತಮುಖ: ಪೆಡಲಿನ ಸುತ್ತಿಗೆ ಬಂದು ಬೀಳುವುದು ಇಲ್ಲಿ. ಮುಂದಿನದು ಪೂಜಿತಮುಖ: ಸಭಿಕರ ಕಡೆ ತಿರುಗಿ ಕೂತಿರುತ್ತದೆ, ಇದನ್ನು ಯಾರೂ ಮುಟ್ಟುವುದಿಲ್ಲ. ಹಿಂದೆ ಬಿದ್ದ ಏಟಿಗೆ ಒಳಗಿನ ಗಾಳಿ ತಳ್ಳಿದಾಗ ಒಂದಿಷ್ಟು ಕಂಪಿಸಿದರೆ ಇದರ ಕೆಲಸ ಮುಗಿಯಿತು. ಹೆಸರು, ಬಣ್ಣ, ಚಿನ್ನದ ಗೆರೆ, ಫೋಟೋದವರ ಬೆಳಕು ಎಲ್ಲವೂ ಇದಕ್ಕೇ. ಇದರಿಂದ ನಾವು ಪಡೆದ ಮೂಲಸೂತ್ರ: ಏಟು ಹಿಂದಕ್ಕೆ, ಹೆಸರು ಮುಂದಕ್ಕೆ. ಈ ಸೂತ್ರ ಸರ್ಕಾರಿ ಕಚೇರಿಗಳಿಗೂ ಹೊಂದುತ್ತದಲ್ಲ ಎಂದು ನಮ್ಮ ಮನೆಯವರು ಸೂಚಿಸಿದರು. ಅದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಮುಖಗಳು ಹೀಗೆ ಬೇರೆಯಾದದ್ದು ಪೆಡಲಿನ ಕೃಪೆ. ಹಳೆಯ ಬ್ರಿಟಿಷ್ ರೆಜಿಮೆಂಟುಗಳು ಗೆದ್ದ ಯುದ್ಧಗಳ ಹೆಸರನ್ನು ಡ್ರಮ್ಮಿನ ಮರದ ಸುತ್ತುಗೋಡೆಯ ಮೇಲೆ ಬರೆಸುತ್ತಿದ್ದವು. ಚರ್ಮದ ಮೇಲೆ ಬರೆದರೆ ಮುಂದಿನ ಕವಾಯತಿಗೇ ಅಳಿಸುತ್ತದೆ ಎಂಬ ವಿವೇಕ ಅವರಿಗಿದ್ದಿರಬೇಕು. 1909ರ ಸುಮಾರಿಗೆ ಷಿಕಾಗೋದಲ್ಲಿ ಲುಡ್ವಿಗ್ ಸಹೋದರರು ವೇಗದ ಪೆಡಲೊಂದನ್ನು ಮಾಡಿ ಮಾರಿದರು. ಡ್ರಮ್ಮು ಎದೆಯಿಂದ ನೆಲಕ್ಕಿಳಿಯಿತು, ಕೈಯಿಂದ ಕಾಲಿಗೆ ಬಂತು, ಒಂದು ಮುಖಕ್ಕೆ ಶಾಶ್ವತ ರಜೆ ಸಿಕ್ಕಿತು. ರಜೆ ಸಿಕ್ಕವರು ಅಲಂಕಾರ ಮಾಡಿಕೊಳ್ಳುವುದು ಲೋಕರೂಢಿ.

ಅಲಂಕಾರಕ್ಕೆ ಕಾರಣವಾದದ್ದು ಮಾತ್ರ ಸೌಂದರ್ಯಪ್ರಜ್ಞೆಯಲ್ಲ, ಥಂಡಿ. ಆಗ ಡ್ರಮ್ಮಿಗೆ ಹಾಕುತ್ತಿದ್ದುದು ಕರುವಿನ ಚರ್ಮ. ಹವೆಯಲ್ಲಿ ತೇವ ಹೆಚ್ಚಾದರೆ ಚರ್ಮ ಸಡಿಲಾಗುತ್ತದೆ, ನಾದ ಒದ್ದೆ ಕಂಬಳಿಯಾಗುತ್ತದೆ. ನಮ್ಮ ತಮಟೆಯವರು ಬೀದಿಬದಿಯಲ್ಲಿ ಹುಲ್ಲು, ಕಾಗದ ಉರಿಸಿ ವಾದ್ಯ ಕಾಯಿಸಿಕೊಳ್ಳುವುದು ಇದಕ್ಕೇ. ನೃತ್ಯಶಾಲೆಯ ಮರದ ಹಲಗೆಯ ಮೇಲೆ ಹುಲ್ಲು ಉರಿಸುವಂತಿಲ್ಲವಲ್ಲ. 1920ರ ದಶಕದ ಅಮೆರಿಕದ ಜಾಝ್ ಡ್ರಮ್ಮರುಗಳು ಡ್ರಮ್ಮಿನ ಹೊಟ್ಟೆಯೊಳಗೆ ವಿದ್ಯುತ್ ಬಲ್ಬ್ ಇಟ್ಟರು. ಚರ್ಮ ಬಿಸಿಯಾಯಿತು, ಕೇಳದೆಯೇ ಹೊಳೆಯಲೂ ತೊಡಗಿತು. 28 ಇಂಚಿನ ಹುಣ್ಣಿಮೆಯೊಂದು ವೇದಿಕೆಯ ಮೇಲೆ ಎದ್ದು ನಿಂತಿರುವಾಗ ಅದನ್ನು ಬೋಳಾಗಿ ಬಿಡುವ ಮನಸ್ಸು ಯಾರಿಗೆ ಬಂದೀತು?

ಬರೆಸಿದರು. ಬೆಳದಿಂಗಳ ಸರೋವರ ಬರೆಸಿದರು, ಹಿಮದ ಬೆಟ್ಟ ಬರೆಸಿದರು, ನೀರುಗಾಲಿಯ ಗಿರಣಿ, ಸೂರ್ಯಾಸ್ತ. ಕೆಲವರು ಮಿಣಮಿಣ ಎನ್ನುವ ಬಣ್ಣದ ಬಲ್ಬ್ ಹಾಕಿಸಿ ಸೂರ್ಯನನ್ನು ಒಂದೇ ಹಾಡಿನಲ್ಲಿ ನಲವತ್ತು ಸಲ ಮುಳುಗಿಸಿದರು. ಲುಡ್ವಿಗ್, ಲೀಡಿ ಮುಂತಾದ ಕಂಪನಿಗಳು ಚಿತ್ರ ಬರೆದ ಚರ್ಮವನ್ನು ಕ್ಯಾಟಲಾಗಿನಲ್ಲೇ ಮಾರುತ್ತಿದ್ದವು. ಇಲ್ಲೊಂದು ಗಹನವಾದ ಪ್ರಶ್ನೆ ಏಳುತ್ತದೆ: ಅಷ್ಟು ಗದ್ದಲದ ಸಂಗೀತಕ್ಕೆ ಅಷ್ಟು ನಿಶ್ಶಬ್ದವಾದ ಚಿತ್ರ ಯಾಕೆ? ತುತ್ತೂರಿ ಕಿವಿ ಸೀಳುತ್ತಿದೆ, ಕುಣಿಯುವವರ ಬೂಟು ನೆಲ ಅದುರಿಸುತ್ತಿದೆ, ನಡುವೆ ಒಂದು ಸರೋವರ, ಅದರಲ್ಲಿ ಅಲೆಯೂ ಇಲ್ಲ. ನಮ್ಮ ಊರಿನ ಹಳೆಯ ಫೋಟೋ ಸ್ಟುಡಿಯೋದ ಪರದೆಯೂ ಹೀಗೆಯೇ ಇತ್ತು. ಹಿಂದೆ ಅಮೃತಶಿಲೆಯ ಮೆಟ್ಟಿಲು, ಹಂಸ, ತೋಟ. ಮುಂದೆ ನಮ್ಮ ಅಜ್ಜ, ಕೊಡೆ ಹಿಡಿದು, ಯಾರ ಮೇಲೋ ಸಿಟ್ಟಾಗಿ. ಮನುಷ್ಯ ತಾನು ಇಲ್ಲದ ಜಾಗವನ್ನೇ ಬೆನ್ನ ಹಿಂದೆ ಬರೆಸುತ್ತಾನೆ ಎಂಬುದು ನಮ್ಮ ಎರಡನೆಯ ಸೂತ್ರ. ಡ್ರಮ್ಮರನ ವಿಷಯದಲ್ಲಿ ಅದು ಬೆನ್ನ ಹಿಂದೆ ಇರದೆ ಮೊಣಕಾಲಿನ ಮುಂದೆ ಇರುತ್ತದೆ, ವ್ಯತ್ಯಾಸ ಅಷ್ಟೇ.

1930ರ ದಶಕದಲ್ಲಿ ಸರೋವರ ಬತ್ತಿ ಅಕ್ಷರ ಎದ್ದಿತು. ಬೆನ್ನಿ ಗುಡ್‌ಮನ್ ತಂಡದಲ್ಲಿದ್ದ ಜೀನ್ ಕ್ರೂಪಾನ ಡ್ರಮ್ಮಿನ ಮೇಲೆ ಯಜಮಾನರ ‘ಬಿ.ಜಿ.’ ದೊಡ್ಡದಾಗಿ, ಬಾರಿಸುವವನ ‘ಜಿ.ಕೆ.’ ಗುರಾಣಿಯಾಕಾರದ ಚಿಕ್ಕ ಲಾಂಛನದಲ್ಲಿ. ಡಿ.ವಿ.ಜಿ., ಬಿ.ಎಂ.ಶ್ರೀ. ಅವರನ್ನು ಓದಿ ಬೆಳೆದ ನಮಗೆ ಈ ಪದ್ಧತಿಯನ್ನು ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಹೆಸರಿನ ಮುಂದಿರುವ ನಾಲ್ಕು ಇನಿಷಿಯಲ್ಲುಗಳು ಯಾವ ಡ್ರಮ್ಮಿಗೂ ಹಿಡಿಸುವುದಿಲ್ಲ ಎಂಬುದನ್ನು ಮಾತ್ರ ವಿಷಾದದಿಂದ ದಾಖಲಿಸುತ್ತೇವೆ.

1957ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಡ್ರಮ್ಮರ್ ರೆಮೊ ಬೆಲ್ಲಿ ಮತ್ತಿತರರು ಕರುವಿಗೆ ವಿಮೋಚನೆ ಕೊಟ್ಟು ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯನ್ನು ಡ್ರಮ್ಮಿಗೆ ಬಿಗಿದರು. ಮಳೆಗೆ ಸಡಿಲಾಗದು, ಬಿಸಿಲಿಗೆ ಬಿಗಿಯದು. ಬಲ್ಬಿಗೆ ಕೆಲಸವಿಲ್ಲದಾಯಿತು. ಮೈಲಾರ್ ಎಂಬ ಈ ಹೆಸರಿಗೂ ನಮ್ಮ ಮೈಲಾರಲಿಂಗನ ಡೊಳ್ಳಿನವರಿಗೂ ಸಂಬಂಧವಿದೆಯೆಂದು ಸಾಧಿಸಿ ಆರು ಪುಟ ಬರೆದಿದ್ದೆವು. ಸಂಪಾದಕರು ಅದನ್ನು ಕಿತ್ತುಹಾಕಿದ್ದಾರೆ. ಸಂಶೋಧನೆಗೆ ಈ ನಾಡಿನಲ್ಲಿ ಕಾಲವಿಲ್ಲ.

ಈಗ ಶಾಸ್ತ್ರದ ಹೃದಯಕ್ಕೆ ಬರೋಣ. 1963ರ ಏಪ್ರಿಲ್‌ನಲ್ಲಿ ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೊ ಸ್ಟಾರ್ ತನ್ನ ಮ್ಯಾನೇಜರ್ ಬ್ರಯನ್ ಎಪ್ಸ್ಟೀನ್ ಜೊತೆ ಲಂಡನ್ನಿನ ಡ್ರಮ್ ಸಿಟಿ ಅಂಗಡಿಗೆ ಹೋಗಿ ಕಪ್ಪು ಮುತ್ತಿನ ಹೊಳಪಿನ ಲುಡ್ವಿಗ್ ಸೆಟ್ ಆರಿಸಿಕೊಂಡ. ಅಂಗಡಿಯ ಐವರ್ ಆರ್ಬಿಟರ್ ಅಲ್ಲೇ ಒಂದು ಕಾಗದದ ಮೇಲೆ ‘ಬೀಟಲ್ಸ್’ ಎಂದು ಗೀಚಿದ: ಬಿ ದೊಡ್ಡದು, ನಡುವಿನ ಟಿ ಸಾಲಿನಿಂದ ಕೆಳಕ್ಕೆ ಇಳಿಬಿದ್ದದ್ದು. ಹೆಸರಿನೊಳಗೆ ಅಡಗಿರುವ ‘ಬೀಟ್’ ಎಂಬ ಮಾತು ಕಣ್ಣಿಗೆ ಹೊಡೆಯಲಿ ಎಂದು. ಎಡ್ಡಿ ಸ್ಟೋಕ್ಸ್ ಎಂಬ ಬೋರ್ಡು ಬರೆಯುವವನು ಅದನ್ನು ಡ್ರಮ್ಮಿನ ಮುಖಕ್ಕೆ ಇಳಿಸಿದ. ಈ ಕಲೆಗೆ ಸಂದದ್ದು 5 ಪೌಂಡ್. ಜಗತ್ತಿನ ಪಂಡಿತರೆಲ್ಲ ಇದನ್ನು ‘ಇಳಿಬಿದ್ದ ಟಿ’ ಎಂದು ಕರೆದು ಬೆರಗಾಗುತ್ತಾರೆ. ಕನ್ನಡಿಗರು ಬೆರಗಾಗಬೇಕಾದ ಕಾರಣ ನಮಗೆ ಕಾಣದು. ಅಕ್ಷರವನ್ನು ಸಾಲಿನ ಕೆಳಗೆ ಇಳಿಬಿಡುವುದನ್ನು ನಾವು ಒಂದನೆಯ ತರಗತಿಯಲ್ಲೇ ಕಲಿಯುತ್ತೇವೆ, ಅದಕ್ಕೆ ಒತ್ತು ಎನ್ನುತ್ತೇವೆ. ಒಂದು ಮಾತಿಗೆ ಬಲ ಕೊಡುವುದಕ್ಕೂ ‘ಒತ್ತು ಕೊಡುವುದು’ ಎನ್ನುತ್ತೇವೆ. ಆರ್ಬಿಟರ್ ಒಂದೇ ಗೆರೆಯಲ್ಲಿ ಎರಡೂ ಅರ್ಥದ ಒತ್ತು ಕೊಟ್ಟಿದ್ದಾನೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದು ನಮ್ಮ ವಾದಕ್ಕೆ ಅಡ್ಡಿಯಾಗಕೂಡದು.

ಇನ್ನು ಮೂಲಸೂತ್ರದ ಮಹಿಮೆ ನೋಡಿ. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಎಡ್ ಸಲಿವನ್ ಶೋನಲ್ಲಿ ಕಾಣಿಸಿಕೊಂಡರು. ನೋಡಿದವರು 7 ಕೋಟಿ 30 ಲಕ್ಷ ಜನ. ಆ ಪ್ರಯಾಣಕ್ಕೆ ರಿಂಗೊ ತನ್ನ ಬಾಸ್ ಡ್ರಮ್ ಒಯ್ಯಲಿಲ್ಲ. ಒಯ್ದದ್ದು ಸ್ನೇರ್, ಸಿಂಬಲ್ ಮತ್ತು ಬಾಸ್ ಡ್ರಮ್ಮಿನ 20 ಇಂಚಿನ ಮುಖ ಒಂದೇ. ದೇಹವನ್ನು ನ್ಯೂಯಾರ್ಕಿನಲ್ಲಿ ಹೊಂದಿಸಿಕೊಂಡು ಮುಖವನ್ನು ಅದಕ್ಕೆ ತೊಡಿಸಲಾಯಿತು. ಬಡಿಯುವ ಬದಿ ಯಾವ ಊರಿನದಾದರೂ ನಡೆಯುತ್ತದೆ, ಹೆಸರಿನ ಬದಿ ಮಾತ್ರ ವಿಮಾನದಲ್ಲಿ ಬರಬೇಕು. 2015ರ ನವೆಂಬರ್‌ನಲ್ಲಿ ಆ ಮುಖ ಹರಾಜಾದಾಗ ಬಂದ ಬೆಲೆ 20 ಲಕ್ಷ ಡಾಲರಿಗೂ ಮಿಕ್ಕಿ. ಮರುತಿಂಗಳೇ ರಿಂಗೊನ ಮೊದಲ ಲುಡ್ವಿಗ್ ಸೆಟ್ ಹರಾಜಾಯಿತು. ಮರ, ಕಬ್ಬಿಣ, ಸ್ಕ್ರೂ ಎಲ್ಲ ಸೇರಿ ಅದಕ್ಕೆ ಬಂದದ್ದೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಬಡಿಯದ ಒಂದು ಹಾಳೆಗೂ ಬಡಿಸಿಕೊಂಡ ಇಡೀ ಸಂಸಾರಕ್ಕೂ ಒಂದೇ ಕ್ರಯ.

ಅಣಕು ವಿದ್ವತ್ತು ನಮ್ಮದೊಂದೇ ಎಂದು ಯಾರೂ ನಗಬೇಕಾಗಿಲ್ಲ. ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿನ ಹೊದಿಕೆಯ ನಟ್ಟನಡುವೆ ಇರುವ ಡ್ರಮ್ಮಿನ ಮುಖವನ್ನು ಬರೆದವನು ಜಾತ್ರೆಯ ಬೋರ್ಡು ಬರೆಯುತ್ತಿದ್ದ ಜೋ ಎಫ್‌ಗ್ರೇವ್. ಆ ಹೊದಿಕೆಯಿಂದ ಗಾಂಧೀಜಿಯ ಚಿತ್ರವನ್ನು ಇಂಡಿಯಾದವರು ಬೇಸರಪಟ್ಟಾರೆಂದು ತೆಗೆದರು. ಡ್ರಮ್ಮಿನ ತಂಟೆಗೆ ಯಾರೂ ಹೋಗಲಿಲ್ಲ. ಎರಡು ವರ್ಷದ ಮೇಲೆ ಅದೇ ತಂಡದ ಪಾಲ್ ಮೆಕಾರ್ಟ್ನಿ ಸತ್ತುಹೋಗಿದ್ದಾನೆ, ಇರುವವನು ಬದಲಿ ಎಂಬ ಪುಕಾರು ಹಬ್ಬಿತು. ಆಗ ಕೆಲವು ಮಹನೀಯರು ಡ್ರಮ್ಮಿನ ನಡುಸಾಲಿಗೆ ಅಡ್ಡಲಾಗಿ ಕನ್ನಡಿ ಹಿಡಿದು, ಅಕ್ಷರದ ಮೇಲರ್ಧವನ್ನೂ ಅದರ ಬಿಂಬವನ್ನೂ ಕೂಡಿಸಿ, ಸಾವಿನ ತಾರೀಖನ್ನೇ ಓದಿಬಿಟ್ಟರು. ಚಿತ್ರಕಾರನ ಹೆಸರಿನಲ್ಲೇ ‘ಗೋರಿ’ ಎಂಬರ್ಥದ ಇಂಗ್ಲಿಷ್ ಮಾತಿದೆ, ಆದ್ದರಿಂದ ಅವನೂ ಇಲ್ಲ ಎಂದರು. ಪಾಲ್ ಆಮೇಲೂ ದಶಕಗಟ್ಟಲೆ ಹಾಡಿದ. 2008ರಲ್ಲಿ ಆ ಮುಖ ಕ್ರಿಸ್ಟೀಸ್ ಹರಾಜಿನಲ್ಲಿ 5,41,250 ಪೌಂಡಿಗೆ ಹೋಯಿತು. ಸಂಶೋಧಕರಿಗೆ ಏನೂ ಸಿಗಲಿಲ್ಲ, ಎಂದಿನಂತೆ.

ಇನ್ನು ಪ್ರಯೋಗಕಾಂಡ. ಬಣ್ಣವೆಂದರೆ ಭಾರ, ಭಾರ ಕೂತಲ್ಲಿ ನಾದ ಬದಲಾಗುತ್ತದೆ. ಮೃದಂಗದ ಬಲಮುಖದ ನಡುವೆ ಇರುವ ಕಪ್ಪು ಕರಣೆಯನ್ನು ಅಲಂಕಾರ ಎಂದುಕೊಳ್ಳುವವರು ಮದುವೆ ಮನೆಗಳಲ್ಲಿ ಈಗಲೂ ಸಿಗುತ್ತಾರೆ. ಸಿ.ವಿ. ರಾಮನ್ 1920ರಲ್ಲೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲೂ ಬರೆದು ತೋರಿಸಿದ್ದು ಬೇರೆ: ಆ ನಡುವಿನ ಭಾರದಿಂದಲೇ ಚರ್ಮದ ಅಡ್ಡಾದಿಡ್ಡಿ ಕಂಪನಗಳು ಸ್ವರಕ್ಕೆ ಹೊಂದುವ ಹಾಗೆ ಸಾಲುಗೂಡುತ್ತವೆ. ಒಂದೇ ಚುಕ್ಕೆ, ಒಂದೇ ಬಣ್ಣ, ಅದೂ ಕೆಲಸಕ್ಕೆ ಬರುವಂಥದ್ದು. ಮಹಾಭೇರಿಯ ಮೇಲೆ ನಾವು ಬಳಿಯುವ ಹುಲಿ, ಬೆಂಕಿ, ತಲೆಬುರುಡೆಗಳಿಂದ ಅಂಥ ಉಪಕಾರ ಇಲ್ಲ. ದಪ್ಪಗೆ ಬಳಿದರೆ ಅನುರಣನ ಸಾಯುತ್ತದೆ, ‘ಧಂ’ ಎನ್ನಬೇಕಾದದ್ದು ‘ಧಪ್’ ಎನ್ನುತ್ತದೆ.

ಆದ್ದರಿಂದ ವಿಧಿ ಹೀಗೆ. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಸ್ಪಿರಿಟ್ಟಿನಲ್ಲಿ ಜಿಡ್ಡು ಒರೆಸಿ, ನಯವಾದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಬೇಕು. ಬಿಳಿ ಲೇಪನವಿರುವ ತರಿತರಿ ಮುಖವಾದರೆ ಇನ್ನೂ ಒಳ್ಳೆಯದು. ಮುಖವನ್ನು ಮೊದಲು ಡ್ರಮ್ಮಿಗೆ ಬಿಗಿದು ಆಮೇಲೆ ಬರೆಯಬೇಕು. ಬರೆದು ಬಿಗಿದರೆ ಹಾಳೆ ಹಿಗ್ಗುತ್ತದೆ, ಬಣ್ಣ ಹಿಗ್ಗುವುದಿಲ್ಲ. ಬಗ್ಗುವ ಗುಣದ ಆಕ್ರಿಲಿಕ್, ಒಂದರ ಮೇಲೊಂದು ತೆಳು ಪದರ, ನಡುವೆ ಒಣಗಲು ಸಮಯ. ಇಷ್ಟೂ ನಮಗೆ ಈಗ ಗೊತ್ತಿದೆ. ಆಗ ಗೊತ್ತಿದ್ದದ್ದು, ಗೇಟಿಗೆ ಬಳಿದು ಉಳಿದ ಎನಾಮಲ್ ಅರ್ಧ ಡಬ್ಬಿ ಮನೆಯಲ್ಲಿದೆ ಎಂಬುದು. ಮುಖವನ್ನು ಬಿಚ್ಚಿ ಊಟದ ಮೇಜಿನ ಮೇಲೆ ಹಾಸಿ, ಉಜ್ಜದೆ ಒರೆಸದೆ, ಎರಡು ಕೋಟು ಹೊಡೆದೆವು. ಕಾಲೇಜ್ ಡೇ ದಿನ ಎರಡನೆಯ ಹಾಡಿಗೆ ತಂಡದ ಹೆಸರಿನ ಒತ್ತಕ್ಷರ ಉದುರಿತು. ಒತ್ತಿಲ್ಲದೆ ಉಳಿದ ಹೆಸರಿಗೆ ಬಂದ ಅರ್ಥವನ್ನು ಕುಟುಂಬಗಳು ಓದುವ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲೇ ಕೂತಿದ್ದರು.

“ಮಾವ, ಇನ್ಮೇಲೆ ನೀವು ಪ್ರಬಂಧ ಬರೀರಿ ಸಾಕು” ಎಂದ ಸೋದರಳಿಯ. ಬರೆಯುತ್ತಿದ್ದೇವೆ. ಅವನು ರೇಡಿಯಂ ಸ್ಟಿಕ್ಕರ್ ಅಂಗಡಿಗೆ ಹೋಗಿ, ಬೈಕಿನ ನಂಬರ್ ಪ್ಲೇಟ್ ಬರೆಸುವವರ ಪಕ್ಕ ಸಾಲಿನಲ್ಲಿ ನಿಂತು, ಅರ್ಧ ಗಂಟೆಯಲ್ಲಿ ಹೆಸರು ಕತ್ತರಿಸಿಕೊಂಡು ಬಂದ. ಅಂಟಿಸಿದ ಮರುದಿನ ಮೈಕಿನವರು ಬಂದು, ಮೈಕು ಒಳಗೆ ಇಡಬೇಕು ಎಂದು ಕೆಳಗಿನ ಬಲಮೂಲೆಯಲ್ಲಿ ಐದಿಂಚಿನ ತೂತು ಕೊರೆದರು. ಇದು ಎಲ್ಲ ಡ್ರಮ್ಮುಗಳಿಗೂ ಬರುವ ಗಂಡಾಂತರ. ಹಳೆಯ ಕಾಲದ ಆ ಸರೋವರಗಳು ಮೈಕಿನವರ ಕೈಗೆ ಸಿಗದೆ ಬದುಕಿದವು.

ಕೊನೆಗೆ ಪೂರ್ವಪಕ್ಷ. ನಮ್ಮ ಮೂಲಸೂತ್ರವನ್ನು ಗಣೇಶನ ಮೆರವಣಿಗೆಯೊಂದು ಹಾಳುಮಾಡಿತು. ಬ್ಯಾಂಡ್‌ಸೆಟ್‌ನಲ್ಲಿ ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ನಡೆಯುತ್ತಾರೆ, ಪೆಡಲಿಲ್ಲ, ಎರಡೂ ಬದಿಗೆ ಏಟು. ಅದೇ ಬದಿಗಳಲ್ಲಿ ದೇವರ ಹೆಸರು, ತಂಡದ ಹೆಸರು, ಊರು, ‘ಮದುವೆ ಮತ್ತು ಶುಭಸಮಾರಂಭಗಳಿಗೆ’ ಎಂಬ ಸಾಲು, ಫೋನ್ ನಂಬರು, ಮೂಲೆಯಲ್ಲಿ ಬರೆದವನ ‘ಆರ್ಟ್ಸ್’. ಇಲ್ಲಿ ಹೆಸರಿರುವ ಮುಖವೇ ಏಟು ತಿನ್ನುತ್ತದೆ. ಮೂರು ರಾತ್ರಿ ನಿದ್ದೆಗೆಟ್ಟು ಯೋಚಿಸಿ, ಸೂತ್ರ ಸರಿಯಾಗಿದೆ, ಡ್ರಮ್ಮು ತಪ್ಪಾಗಿದೆ ಎಂಬ ತೀರ್ಮಾನಕ್ಕೆ ಬಂದಿದ್ದೇವೆ.

ಆದರೆ ಒಂದು ಲೌಕಿಕ ತೊಂದರೆ ಉಳಿದಿದೆ. ಬರುವ ತಿಂಗಳು ನಮ್ಮ ಮನೆಯಲ್ಲಿ ಮದುವೆ. ಆ ತಂಡದವರೇ ಬೇಕೆಂದು ಮನೆಯವರ ಹಟ. ಏಟು ಬೀಳುವುದು ನಟ್ಟನಡುವೆಯಾದ್ದರಿಂದ ನಂಬರಿನ ಆರನೆಯ ಅಂಕೆ ಸಂಪೂರ್ಣ ಅಳಿಸಿದೆ, ಇನ್ನೊಂದು ಬದಿಯಲ್ಲೂ ಅದೇ. ಕಳೆದ ಹಬ್ಬದಲ್ಲಿ ಯಾರಾದರೂ ಫೋಟೋ ತೆಗೆದಿದ್ದರೆ ದಯವಿಟ್ಟು ನೋಡಿ ತಿಳಿಸಿ. ಅದು 4 ಅಲ್ಲ, 7 ಅಲ್ಲ. 9 ಹಾಕಿ ಮಾತ್ರ ಯಾರೂ ಮತ್ತೆ ಫೋನ್ ಮಾಡಬೇಡಿ, ಅವರು ಬಹಳ ನೊಂದಿದ್ದಾರೆ.