‘ಒಂದನ್ನು ಒತ್ತಿ’ ಮೇಡಂ ಅವರಿಗೆ ಗಬ್ಬೂರಿನ ಗುಮಾಸ್ತನ ಬಹಿರಂಗ ಪತ್ರ

ಇವರಿಗೆ,
‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಮೇಡಂ,
ವಿಳಾಸ: ಕ್ಲೌಡ್ (ಊರು, ಪಿನ್ ಕೋಡ್ ಕೇಳಿದರೆ ಯಾರೂ ಹೇಳಲಿಲ್ಲ)

ಇವರಿಂದ,
ಹಳೇ ಗುಮಾಸ್ತ, ಬೀಜ-ಗೊಬ್ಬರ-ಔಷಧದ ಅಂಗಡಿ,
ಗಬ್ಬೂರು, ದೇವದುರ್ಗ ತಾಲ್ಲೂಕು, ರಾಯಚೂರು ಜಿಲ್ಲೆ

ವಿಷಯ: ಫೋನಿನ ಚಾರ್ಜು ಒಪ್ಪಿಸುವ ಬಗ್ಗೆ.

ಮಾನ್ಯರೇ,

ನಮ್ಮ ಸಾವ್ಕಾರ್ರ ಮಗ ಬೆಂಗಳೂರಿನಲ್ಲಿ ಎಂಬಿಎ ಮುಗಿಸಿ ಬಂದವರು ಅಂಗಡಿಯ ಲ್ಯಾಂಡ್‌ಲೈನ್ ಕೀಳಿಸಿ ಕ್ಲೌಡ್ ಫೋನ್ ಹಾಕಿಸಿದ್ದಾರೆ. ಅಂದಿನಿಂದ ಅಂಗಡಿಗೆ ಯಾರೇ ಫೋನ್ ಹಚ್ಚಲಿ, ಮೊದಲು ಎತ್ತುವವರು ನೀವು. ಆ ಕೆಲಸ ಇಲ್ಲಿಯವರೆಗೆ ನನ್ನದಾಗಿತ್ತು. ಸರ್ಕಾರಿ ಕಚೇರಿಯಲ್ಲಾದರೆ ಹೋಗುವವನು ಬರುವವರಿಗೆ ಕಡತ, ಕಪಾಟಿನ ಕೀಲಿಕೈ ಕೊಟ್ಟು ರುಜು ಹಾಕಿಸಿಕೊಳ್ಳುತ್ತಾನೆ. ನಿಮಗೆ ಕೈಯಿಲ್ಲದ ಕಾರಣ ನಾಲ್ಕು ಜನರ ಎದುರಿಗೆ ಪತ್ರದಲ್ಲೇ ಒಪ್ಪಿಸುತ್ತಿದ್ದೇನೆ.

ಕೆಲಸ ಕಷ್ಟದ್ದಲ್ಲ. ಮುಂಗಾರು ಹಿಡಿದ ಮೇಲೆ ನಮ್ಮ ಅಂಗಡಿಗೆ ಬರುವುದು ಒಂದೇ ಪ್ರಶ್ನೆ: ‘ಯೂರಿಯಾ ಬಂದೈತೇನ್ರಿ?’ ಉತ್ತರವೂ ಒಂದೇ: ‘ಇಲ್ರಿ.’ ರೇಟು ಯಾರೂ ಕೇಳುವುದಿಲ್ಲ. 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ ಅಂತ ಚೀಲದ ಮೇಲೇ ಅಚ್ಚಾಗಿರುತ್ತದೆ. ಕೇಳುವುದು ಚೀಲ ಇದೆಯೋ ಇಲ್ಲವೋ ಅಷ್ಟೇ. ಈ ಒಂದು ಪ್ರಶ್ನೆಗೆ ನೀವು ಎಷ್ಟು ಬಾಗಿಲು ಇಟ್ಟಿದ್ದೀರಿ! ಮಾರಾಟಕ್ಕೆ ಒಂದು, ಗ್ರಾಹಕ ಸೇವೆಗೆ ಎರಡು, ಲೆಕ್ಕಪತ್ರಕ್ಕೆ ಮೂರು, ನಮ್ಮ ಪ್ರತಿನಿಧಿಯ ಜೊತೆ ಮಾತನಾಡಲು ಒಂಬತ್ತು. ಮೇಡಂ, ಮಾರಾಟ ನಾನೇ, ಸೇವೆ ನಾನೇ, ಲೆಕ್ಕಪತ್ರ ನಾನೇ. ಯಾವ ಗುಂಡಿ ಒತ್ತಿದರೂ ಕೊನೆಗೆ ಬಡಿದುಕೊಳ್ಳುವುದು ನನ್ನ ಅಂಗಿ ಜೇಬಿನ ಮೊಬೈಲೇ. ಒಬ್ಬನೇ ಮನುಷ್ಯನನ್ನು ನಾಲ್ಕು ವಿಭಾಗ ಮಾಡಿದ್ದಕ್ಕೆ ವಂದನೆ. ಸಂಬಳ ಮಾತ್ರ ಒಂದೇ ವಿಭಾಗಕ್ಕೆ ಬರುತ್ತಿದೆ.

ಮೊನ್ನೆ ಅಂಗಡಿ ಕಟ್ಟೆಯ ಮೇಲೆ ಕೂತ ಅಜ್ಜಿಯೊಬ್ಬರು ನಮ್ಮ ನಂಬರಿಗೇ ಫೋನ್ ಹಚ್ಚಿದರು. ಮೊಮ್ಮಗ ಒತ್ತಿ ಕೊಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ನೀವು ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಅಂದಿರಿ. ‘ಏನು ಒತ್ತಬೇಕವ್ವಾ?’ ಅಂತ ಅವರು ನಿಮ್ಮನ್ನೇ ಕೇಳಿದರು. ನೀವು ಸುಮ್ಮನಿದ್ದಿರಿ. ಅವರು ಫೋನನ್ನು ಕಿವಿಯಿಂದ ತೆಗೆದು, ಕಣ್ಣಿನ ಹತ್ತಿರ ತಂದು, ಸೆರಗಿನಿಂದ ಒರೆಸಿ, ಸವೆದ ಗುಂಡಿಗಳಲ್ಲಿ ಒಂದನ್ನು ಹುಡುಕುವಷ್ಟರಲ್ಲಿ ‘ಕ್ಷಮಿಸಿ, ನೀವು ಯಾವುದೇ ಆಯ್ಕೆ ಮಾಡಿಲ್ಲ’ ಅಂತ ನೀವು ಲೈನ್ ಕತ್ತರಿಸಿದಿರಿ. ಅಜ್ಜಿ ನನ್ನ ಕಡೆ ತಿರುಗಿ, ‘ಯಪ್ಪಾ, ನಿಮ್ಮ ಸೊಸಿ ಸಿಟ್ಟಾಗ್ಯಾಳ ನೋಡು’ ಅಂದರು. ಆಮೇಲೆ ಕಟ್ಟೆಯಿಂದ ಇಳಿದು ಒಳಗೆ ಬಂದು ನನ್ನನ್ನೇ ಕೇಳಿದರು, ಯೂರಿಯಾ ಬಂದೈತೇನು ಅಂತ.

ಕನ್ನಡಕ್ಕೆ ಒಂದು, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು. ಮಾನ್ವಿ, ಸಿಂಧನೂರು ಕಡೆಯ ಕ್ಯಾಂಪುಗಳಿಂದ ಬಂದು ಕಾಲುವೆ ನೀರಿನಲ್ಲಿ ಭತ್ತ ಹಚ್ಚುವವರಿಗೆ ತೆಲುಗು ಬೇಕು. ಅದನ್ನು ಬಿಟ್ಟಿದ್ದೀರಿ. ಇಂಗ್ಲಿಷಿಗೆ ಮೂರು ಒತ್ತಿ ಯೂರಿಯಾ ಕೇಳುವ ರೈತ ನಮ್ಮ ಹೋಬಳಿಯಲ್ಲಿ ಸಿಕ್ಕರೆ ತಿಳಿಸಿ, ಸನ್ಮಾನ ಮಾಡೋಣ.

ಇನ್ನು ನಂಬರಿನ ವಿಚಾರ. ದೇಶದಲ್ಲೆಲ್ಲ 2011ರ ಜನವರಿ 20ರಿಂದ ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗಬಹುದು. ಲ್ಯಾಂಡ್‌ಲೈನಿಗೆ ಆ ಭಾಗ್ಯವಿಲ್ಲ. ತಾಮ್ರದ ತಂತಿ ಬಿಟ್ಟು ಅದೇ ಬಿಎಸ್ಸೆನ್ನೆಲ್‌ನ ಫೈಬರ್ ಹಿಡಿದಿದ್ದರೆ ಹಳೇ ನಂಬರು ಉಳಿಯುತ್ತಿತ್ತು. ಅದು ಹಳೇ ಕಾಲದ್ದು ಅಂತ ಚಿಕ್ಕ ಸಾವ್ಕಾರ್ರು ಒಪ್ಪಲಿಲ್ಲ. ಹೀಗಾಗಿ 08531ರಿಂದ ಶುರುವಾಗುತ್ತಿದ್ದ ನಮ್ಮ ನಂಬರು ಹೋಯಿತು. ಅಂಗಡಿಯ ಬೋರ್ಡು, ಬಿಲ್ ಬುಕ್ಕು, ದೀಪಾವಳಿಗೆ ಹಂಚಿದ ಕ್ಯಾಲೆಂಡರು, ರೈತರ ಮನೆ ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿದ್ದು, ಎಲ್ಲ ಕಡೆ ಅದೇ ಇತ್ತು. ನೀವು ತಂದ ಹೊಸ ನಂಬರು 080ಯದು. ಗಬ್ಬೂರಿನ ಅಂಗಡಿ ಗಬ್ಬೂರಿನ ರೈತನಿಗೆ ಬೆಂಗಳೂರಿನಿಂದ ಫೋನ್ ಹಚ್ಚುತ್ತದೆ. ನಮ್ಮ ಕಡೆ 080 ಅಂದರೆ ಸಾಲದ ಕಂತು ಕೇಳುವವರು ಅಂತಲೇ ಅರ್ಥ. ಮೈಕ್ರೋ ಫೈನಾನ್ಸ್ ವಸೂಲಿಯ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾದ ರಾಜ್ಯ ಇದು, ಮೇಡಂ. ‘ನಿಮ್ಮ ಚೀಲ ಬಂದಿವೆ, ಒಯ್ಯಿರಿ’ ಅಂತ ಹೇಳಲು ನಾವು ಹಚ್ಚಿದ ಫೋನನ್ನು ಅವರು ಕಟ್ ಮಾಡುತ್ತಾರೆ, ಆಮೇಲೆ ಬಂದು ಚೀಲ ಬೇರೆಯವರಿಗೆ ಕೊಟ್ಟಿರೆಂದು ಜಗಳ ತೆಗೆಯುತ್ತಾರೆ.

ಈಗ ಮುಖ್ಯ ಚಾರ್ಜು. ಇದನ್ನು ಯಾವ ಟ್ರೇನಿಂಗಿನಲ್ಲೂ ನಿಮಗೆ ಹೇಳಿಕೊಟ್ಟಿರಲಿಕ್ಕಿಲ್ಲ. ಲ್ಯಾಂಡ್‌ಲೈನಿನ ಅರ್ಧ ಕೆಲಸ ಮಾತಾಡುವುದು, ಇನ್ನರ್ಧ ಮಾತಾಡದಿರುವುದು. ಗೊಬ್ಬರದ ಅಭಾವದಲ್ಲಿ ರಿಸೀವರ್ ಎತ್ತಿ ಪಕ್ಕಕ್ಕಿಟ್ಟರೆ ಇಡೀ ಹೋಬಳಿಗೆ ಎಂಗೇಜ್ ಸದ್ದು ಕೇಳುತ್ತಿತ್ತು. ಸಾವ್ಕಾರ್ರಿಗೆ ಮರ್ಯಾದೆ, ನನಗೆ ನೆಮ್ಮದಿ, ರೈತನಿಗೂ ‘ಪಾಪ, ಯಾರೋ ಮಾತಾಡಾಕತ್ತಾರ’ ಅನ್ನುವ ಸಮಾಧಾನ. ಅದೂ ಸಾಲದಿದ್ದರೆ ‘ಲೈನ್ ಸತ್ತಿತ್ರೀ, ಜೆಸಿಬಿ ಕೇಬಲ್ ಕಿತ್ತಾಕೈತಿ’ ಅಂದರೆ ಸಾಕು. ಎಲ್ಲೋ ಒಂದು ಕಡೆ ಜೆಸಿಬಿ ನೆಲ ಅಗೆಯುತ್ತಲೇ ಇರುತ್ತಿದ್ದರಿಂದ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

2025ರ ಮುಂಗಾರಿನಲ್ಲಿ ರಾಜ್ಯದ ತುಂಬ ಯೂರಿಯಾಕ್ಕೆ ಸರದಿ ನಿಂತಾಗ ಆ ಹಳೇ ಫೋನು ಎಷ್ಟು ಸಲ ನಮ್ಮ ಮಾನ ಕಾಯಿತೋ! ನಿಮಗೆ ಎಂಗೇಜ್ ಅನ್ನುವುದೇ ಗೊತ್ತಿಲ್ಲ. ಹತ್ತು ಜನ ಒಟ್ಟಿಗೆ ಹಚ್ಚಿದರೆ ಹತ್ತು ಜನರಿಗೂ ‘ನಿಮ್ಮ ಕರೆ ನಮಗೆ ಅತ್ಯಮೂಲ್ಯ’ ಅಂತ ಹೇಳಿ ಸಿತಾರ್ ಕೇಳಿಸುತ್ತೀರಿ. ಮೊಣಕಾಲುದ್ದ ಹತ್ತಿ ಹಳದಿಗೆ ತಿರುಗುತ್ತಿರುವವನಿಗೆ ಸಿತಾರ್! ಸಾಲದ್ದಕ್ಕೆ ಯಾರು, ಎಷ್ಟು ಹೊತ್ತಿಗೆ ಹಚ್ಚಿದರು, ಎಷ್ಟು ಹೊತ್ತು ಕಾದರು, ಯಾರು ಎತ್ತಲಿಲ್ಲ ಅನ್ನುವುದನ್ನೆಲ್ಲ ಬರೆದು ರಾಯಚೂರಿನಲ್ಲಿರುವ ಸಾವ್ಕಾರ್ರ ಮೊಬೈಲಿಗೆ ಕಳಿಸುತ್ತೀರಿ. ನಾನು ಅಂಗಡಿ ಹಿಂದೆ ನೀರು ಬಿಡಲು ಹೋದದ್ದೂ ಅಲ್ಲಿ ‘ಏಜೆಂಟ್ ಲಭ್ಯವಿಲ್ಲ’ ಅಂತ ಕೆಂಪು ಬಣ್ಣದಲ್ಲಿ ಕಾಣುತ್ತದಂತೆ.

ನಿಮ್ಮ ಈ ಸತ್ಯಸಂಧತೆ ಒಂದು ಕಡೆ ಮಾತ್ರ ಸಾವ್ಕಾರ್ರಿಗೆ ಹಿಡಿಸಲಿಲ್ಲ. ‘ಗುಣಮಟ್ಟಕ್ಕಾಗಿ ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ’ ಅನ್ನುತ್ತೀರಲ್ಲ, ಹಾಗೆ ಮುದ್ರಿಸಿದ್ದನ್ನು ಚಿಕ್ಕ ಸಾವ್ಕಾರ್ರು ಒಂದು ರಾತ್ರಿ ಕೇಳಿಸಿದರು. ಯೂರಿಯಾ ಬೇಕಾದರೆ ಜೊತೆಗೆ ಇನ್ನೊಂದು ಮಾಲು ತಗೋಬೇಕು ಅಂತ ದೊಡ್ಡ ಸಾವ್ಕಾರ್ರದೇ ಧ್ವನಿ, ಬಹಳ ಸ್ಪಷ್ಟ. ಹಾಗೆ ಲಿಂಕ್ ಮಾಡಿ ಮಾರಬಾರದು ಅಂತ ಕೃಷಿ ಇಲಾಖೆಯವರು ಹಂಗಾಮಿಗೊಮ್ಮೆ ಹೇಳಿ ಹೋಗುತ್ತಾರೆ. ಮರುದಿನವೇ ಮುದ್ರಣ ಬಂದ್ ಆಯಿತು. ‘ಮುದ್ರಿಸಲಾಗುತ್ತಿದೆ’ ಅನ್ನುವ ನಿಮ್ಮ ಮಾತು ಮಾತ್ರ ಹಾಗೇ ಉಳಿಯಿತು. ಅಂತೂ ಅಂಗಡಿಗೆ ಸೇರಿ ತಿಂಗಳೊಳಗೆ ನೀವೂ ಒಂದು ಸುಳ್ಳು ಕಲಿತಿರಿ. ಸಂತೋಷ.

ದಾಖಲೆಯ ಮಾತು ಬಂತಲ್ಲ, ನಮ್ಮದು ಶಾಸನಗಳ ಊರು ಅಂತ ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಮಲೆಶಂಕರ ಗುಡಿ ಮೊದಲಾಗಿ ಇಲ್ಲಿ ಎತ್ತ ನೋಡಿದರೂ ಹಳೇ ಗುಡಿಗಳು. ಶಾಸನಗಳಲ್ಲಿ ದಾನ ಕೊಟ್ಟವರ ಹೆಸರು, ಹೊಲದ ಎಲ್ಲೆ ಬರೆದು, ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರಲಿ ಅಂತ ಕೊನೆಗೆ ಶಾಪ ಹಾಕುವುದು ರೂಢಿ. ನಿಮ್ಮ ಕರಾರು ಪತ್ರವನ್ನೂ ಓದಿಸಿಕೊಂಡೆ. ಮೂರು ತಿಂಗಳಾದ ಮೇಲೆ ದಾಖಲೆಯನ್ನು ನಿಮ್ಮ ಕಂಪನಿಯವರೇ ಅಳಿಸುತ್ತಾರಂತೆ. ಶಾಪಕ್ಕೆ ಎಡೆಯೇ ಇಲ್ಲ.

ಮಿಸ್ಡ್ ಕಾಲ್ ಲೆಕ್ಕವನ್ನೂ ಒಪ್ಪಿಸಬೇಕು. ರಾಯಚೂರಿನಲ್ಲಿ ಗೊಬ್ಬರದ ರೈಲು ರೇಕ್ ಇಳಿದು ಲಾರಿ ಹೊರಟಿತೆಂದರೆ ಡ್ರೈವರು ಕಲ್ಮಲಾ ಹತ್ತಿರ ಎರಡು ರಿಂಗ್ ಕೊಟ್ಟು ಇಡುತ್ತಿದ್ದ. ನಾನು ಹಮಾಲರನ್ನು ಕರೆಸಿಡುತ್ತಿದ್ದೆ. ಬಾಯಿಬಿಟ್ಟು ಹೇಳಿದರೆ ಲಾರಿಗಿಂತ ಮೊದಲು ಸುದ್ದಿ ಬಂದು, ಅಂಗಡಿ ಮುಂದೆ ಜಾತ್ರೆ ನೆರೆಯುತ್ತಿತ್ತು. ಎರಡು ರಿಂಗಿನಲ್ಲಿ ಅಷ್ಟು ಗುಟ್ಟು ಇತ್ತು. ಮಿಸ್ಡ್ ಕಾಲನ್ನೇ ಬಂಡವಾಳ ಮಾಡಿಕೊಂಡ ಬೆಂಗಳೂರಿನ ಜಿಪ್‌ಡಯಲ್ ಎಂಬ ಕಂಪನಿಯನ್ನು 2015ರಲ್ಲಿ ಟ್ವಿಟರ್‌ನವರು ಕೊಂಡರಂತೆ, ಮಿಸ್ಡ್ ಕಾಲಿನ ಬೆಲೆ ಅಮೆರಿಕದವರಿಗೂ ಗೊತ್ತಿತ್ತು. ನೀವು ಮಾತ್ರ ಒಂದನೇ ರಿಂಗಿಗೇ ಎತ್ತುತ್ತೀರಿ! ಡ್ರೈವರಿನಿಂದ ದುಡ್ಡು ಮುರಿಸಿ, ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಅಂತೀರಿ. ಮೊದಲ ಸಲ ಆತ ಒಂದು ಒತ್ತಿಯೇ ಬಿಟ್ಟ, ಕನ್ನಡಕ್ಕೆ. ಮುಂದಿನದ್ದು ಕೇಳಿ ಸಿಟ್ಟಿಗೆದ್ದು ಚಹಾ ಕುಡಿಯಲು ನಿಂತ.

ನಿಮ್ಮಿಂದ ಅನುಕೂಲವಿಲ್ಲ ಅಂತ ಹೇಳಿದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ನಾನು ದೇವದುರ್ಗಕ್ಕೆ ಬ್ಯಾಂಕಿನ ಕೆಲಸಕ್ಕೆ ಹೋದರೂ ಅಂಗಡಿಯ ಫೋನು ನನ್ನ ಜೊತೆ ಬರುತ್ತದೆ. ಯಾರು ಹಚ್ಚಿದ್ದರು ಅಂತ ನೋಡಿ ತಿರುಗಿ ಹಚ್ಚಬಹುದು. ಹಳೇ ಡಬ್ಬಿಗೆ ಆ ನೆನಪಿರಲಿಲ್ಲ. ಆದರೆ ಅದಕ್ಕೆ ಬೇರೆ ಒಂದು ಗುಣವಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಕರೆಂಟು ಅದೇ ತಂತಿಯಲ್ಲಿ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ನಿಮಗೆ ಮೋಡೆಮ್ಮಿಗೊಂದು, ರೂಟರಿಗೊಂದು ಪ್ಲಗ್ಗು ಬೇಕು, ಆಮೇಲೆ ಇನ್ವರ್ಟರು. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟಿನ ಸ್ಥಾವರ ಇಟ್ಟುಕೊಂಡ ಜಿಲ್ಲೆಯಲ್ಲಿ ಅಂಗಡಿಯ ಫೋನಿಗೆ ಬ್ಯಾಟರಿ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ.

1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್‌ನವರು 128 ಲೈನುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೂಡಿಸಿದಾಗ, ಅದು ಎಸಿ ಇಲ್ಲದೆ ಹಳ್ಳಿಯ ಧೂಳು-ಸೆಕೆಯಲ್ಲಿ ನಡೆಯಬೇಕು ಅಂತಲೇ ಮಾಡಿದ್ದರು. ನಿಮ್ಮನ್ನು ಮಾಡಿದವರು ರಾಯಚೂರಿನ ಏಪ್ರಿಲ್ ನೋಡಿದಂತಿಲ್ಲ. ಮಧ್ಯಾಹ್ನದ ಹೊತ್ತು ರೂಟರು ಮುಟ್ಟಿದರೆ ಕೈ ಸುಡುತ್ತದೆ, ನಿಮ್ಮ ದನಿ ಬಾವಿಯೊಳಗಿಂದ ಬರುತ್ತದೆ. ಹಿಂದಿನ ಗೋದಾಮಿನಲ್ಲಿ ಎಷ್ಟು ಚೀಲ ಉಳಿದಿವೆ ಅಂತ ಕೇಳಲು ನಾನು ಎಕ್ಸ್‌ಟೆನ್ಷನ್ ಒತ್ತಿದರೆ, ಮಾತು ತುಂಡುತುಂಡಾಗಿ ಎಲ್ಲೋ ದೂರದ ಸರ್ವರಿಗೆ ಹೋಗಿ ಗೋಡೆಯಾಚೆಗೆ ಬಂದು ಸೇರುತ್ತದೆ. ಆಚೆಯಿಂದ ಹಮಾಲ ‘ಹಲೋ’ ಅನ್ನುತ್ತಾನೆ, ಈಚೆಯಿಂದ ನಾನೂ ‘ಹಲೋ’ ಅನ್ನುತ್ತೇನೆ. ಕೊನೆಗೆ ಕಿಟಕಿಯಲ್ಲಿ ಬಾಯಿಟ್ಟು ಕೂಗುತ್ತೇನೆ. ಅದಕ್ಕೆ ತಿಂಗಳ ಬಾಡಿಗೆ ಇಲ್ಲ.

ಸುಳ್ಳಿನ ವಿಷಯದಲ್ಲಿ ನೀವು ನನ್ನನ್ನು ಪೂರ್ತಿ ಅನಾಥನನ್ನಾಗಿ ಮಾಡಲಿಲ್ಲ ಅನ್ನುವುದನ್ನೂ ಬರೆದುಬಿಡುತ್ತೇನೆ. ಗೊಬ್ಬರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪಿಓಎಸ್ ಮಶೀನು 2018ಕ್ಕೆ ದೇಶದ ತುಂಬ ಬಂದಾಗಲೇ ನಾವು ‘ಸರ್ವರ್ ಇಲ್ರಿ’ ಅನ್ನುವುದನ್ನು ಕಲಿತಿದ್ದೆವು. ‘ಲೈನ್ ಸತ್ತೈತಿ’ ಅಂದರೆ ರೈತ ಕಂಬ ನೋಡಿ ಬರುತ್ತಿದ್ದ. ಸರ್ವರನ್ನು ಎಲ್ಲಿ ಹೋಗಿ ನೋಡ್ತಾನೆ?

ಆದ್ದರಿಂದ ಕೆಲಸ ಬಿಡಿ ಅಂತ ನಿಮ್ಮನ್ನು ಕೇಳುವುದಿಲ್ಲ. ಓದುವ ಚೀಟಿ ಮಾತ್ರ ಬದಲಿಸಿಕೊಳ್ಳಿ. ಚಿಕ್ಕ ಸಾವ್ಕಾರ್ರ ಕಣ್ಣು ತಪ್ಪಿಸಿ ನಾನು ಬರೆದಿಟ್ಟದ್ದು ಹೀಗಿದೆ:

‘ನಮಸ್ಕಾರ್ರಿ. ಯೂರಿಯಾ ಬಂದಿಲ್ಲ. ಇಷ್ಟಕ್ಕೇ ಫೋನ್ ಹಚ್ಚಿದ್ದರೆ ಇಡ್ರಿ. ಯಾವಾಗ ಬರ್ತದ ಅಂತ ಕೇಳಾಕ ಒಂದು ಒತ್ರಿ, ನಮಗೂ ಗೊತ್ತಿಲ್ಲ. ಹಿಂದಿನ ಬಾಕಿ ಕೊಡಾಕ ಎರಡು ಒತ್ರಿ. ಲೈನ್ ಯಾವಾಗಲೂ ಖಾಲಿ ಇರ್ತದ. ಹೊಸಾ ಉದ್ರಿ ಕೇಳಾಕ ಮೂರು ಒತ್ರಿ, ಸಿತಾರ್ ಕೇಳ್ರಿ. ಲಾರಿ ಡ್ರೈವರ್ ಇದ್ರ ಏನೂ ಒತ್ತಬ್ಯಾಡ್ರಿ, ಎರಡು ಸಲ ಕೆಮ್ಮಿ ಇಡ್ರಿ. ಗುಮಾಸ್ತರ ಜೋಡಿ ಮಾತಾಡಾಕ ಒಂಬತ್ತು ಒತ್ರಿ. ಊಟಕ್ಕ ಹೋಗ್ಯಾರ, ಮೂರು ಗಂಟಿ ಮ್ಯಾಲ ಅಂಗಡಿಗೇ ಬರ್ರಿ.’

ಚಾರ್ಜು ಒಪ್ಪಿಸಿದ್ದೇನೆ. ರಶೀದಿಗೆ ಯಾವ ಗುಂಡಿ ಒತ್ತಬೇಕು ಅಂತ ತಿಳಿಸಿ.

ತಮ್ಮ ವಿಶ್ವಾಸಿ,
ಏಜೆಂಟ್ ಲಭ್ಯವಿಲ್ಲ