ಊರ್ಧ್ವಬಾಣ–ಅಧೋಬಾಣ ಮೀಮಾಂಸೆ: ಪೀಠಿಕೆಗೊಂದು ಪೂರ್ವಪೀಠಿಕೆ

ಪ್ರಸ್ತುತ ಪ್ರಬಂಧವು, ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ 2008ರಲ್ಲಿ ಕಟ್ಟಿದ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣದ ಮತಪ್ರದಾನ ಪ್ರಕ್ರಿಯೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗಿಸುವ, ತನ್ಮೂಲಕ ಓದುಗರನ್ನು ದಣಿಸುವ ಉದ್ದೇಶ ಹೊಂದಿದೆ.

ಮೊದಲಿಗೆ ಅಧಿಕಾರಿಭೇದ. ವರ್ಷಗಟ್ಟಲೆ ನಡೆದುಬಂದ ಸಂಪ್ರದಾಯದಂತೆ ಇಲ್ಲಿ ಪ್ರತಿ ಜೀವಿಯೂ ಒಂದು ಅಂಕದೊಡನೆ ಜನಿಸುತ್ತದೆ. ಮೆಚ್ಚುಗೆಯ ಊರ್ಧ್ವಬಾಣ (ಅಪ್‌ವೋಟ್) ಒತ್ತಲು 15 ಅಂಕ, ತೆಗಳಿಕೆಯ ಅಧೋಬಾಣ (ಡೌನ್‌ವೋಟ್) ಒತ್ತಲು 125 ಅಂಕದ ತಪಸ್ಸು ಬೇಕು. ಮೆಚ್ಚುಗೆಯ ಮತ ಬಿದ್ದರೆ ಉತ್ತರಿಸಿದವನಿಗೆ 10 ಸಿಕ್ಕುತ್ತದೆ, ತೆಗಳಿಕೆ ಬಿದ್ದರೆ 2 ಹೋಗುತ್ತದೆ. ತೆಗಳಿದವನ ಗಂಟಿನಿಂದಲೂ 1 ಹೋಗುತ್ತದೆ. ಇದನ್ನು ಪ್ರಾಯಶ್ಚಿತ್ತವಾದ ಎನ್ನತಕ್ಕದ್ದು. ಆದರೆ ಪ್ರಶ್ನೆಯನ್ನು ತೆಗಳಲು ಖರ್ಚಿಲ್ಲ.

ಮತದಾರರು ಸ್ಥೂಲವಾಗಿ ಏಳು ಬಗೆ. ಒಂದು, ಗತಾನುಗತಿಕ: ನೂರು ಮತ ಬಿದ್ದ ಉತ್ತರಕ್ಕೆ ನೂರೊಂದನೆಯದನ್ನು ಹಾಕುವವನು, ಓದುವುದು ಅವನ ಮನೆತನದಲ್ಲಿಲ್ಲ. ಎರಡು, ನಾಮಾವಲೋಕಕ: ಉತ್ತರಕ್ಕಿಂತ ಮೊದಲು ಬರೆದವರ ಅಂಕ ನೋಡುವವನು. ಮೂರು, ಅಂತರ್ಧಾನಿ: ಅಧೋಬಾಣ ಒತ್ತಿ, ಕಾರಣ ಹೇಳದೆ ಮಾಯವಾಗುವವನು. ಇವನಲ್ಲಿ ಸಕಾರಣ, ನಿಷ್ಕಾರಣ ಎಂಬ ಉಪಭೇದಗಳುಂಟು. ನಾಲ್ಕನೆಯದು... ಬಿಡಿ, ಉಳಿದವರೆಲ್ಲ ಮೂರನೆಯವನ ಅಣ್ಣತಮ್ಮಂದಿರೇ.

ಈ ಮೂರನೆಯವನ ಮೇಲೆ ನನಗೆ ಸಿಟ್ಟಿದೆ. ಪೈಥಾನ್ ಈಗಷ್ಟೇ ಕಲಿಯುತ್ತಿರುವ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ತಡವರಿಸಿಕೊಂಡು, ತನ್ನ ಲೂಪ್ ಯಾಕೆ ನಿಲ್ಲುತ್ತಿಲ್ಲ ಎಂದು ಕೇಳುತ್ತಾಳೆ ಅನ್ನಿ. ಚಹಾ ಆರುವಷ್ಟರಲ್ಲಿ ಮೈನಸ್ ನಾಲ್ಕು. ಒಂದು ಮಾತಿಲ್ಲ. ನಿಯಮದ ಪ್ರಕಾರ ಅವಳ ಅಂಕ ಒಂದಕ್ಕಿಂತ ಕೆಳಗಿಳಿಯದು. ಆದರೆ ಅವಳು ಮತ್ತೆ ಕೇಳುತ್ತಾಳೆಯೇ? ಯಾರೋ ಪುಣ್ಯಾತ್ಮರು ಉತ್ತರ ಕೊಟ್ಟರೂ, 15 ಅಂಕವಿಲ್ಲದ ಅವಳ ಮೆಚ್ಚುಗೆ ಲೆಕ್ಕಕ್ಕೆ ಸಿಗದು. ಒಪ್ಪಿದೆನೆಂದು ಹಸಿರು ಗುರುತು ಹಾಕಬಹುದು, ಅಷ್ಟೆ. 125 ದಾಟಿ ಬೈಯಲು ಬಂದವರಿಗೆ ಪುಕ್ಕಟೆ ಬಾಗಿಲು, ಹೊಸಬರ ಕೃತಜ್ಞತೆಗೆ ಚೀಟಿ!

ಬಾಣದ ಮೇಲೆ ಮೌಸ್ ಇಟ್ಟರೆ ತಾಣವೇ ತಿಳಿಸುತ್ತದೆ: ಪ್ರಶ್ನೆಯಲ್ಲಿ ಹುಡುಕಾಟದ ಶ್ರಮವಿದೆಯೇ, ಉತ್ತರ ಉಪಯೋಗಕ್ಕೆ ಬಂತೇ, ಅಷ್ಟು ನೋಡಿ ಎಂದು. ಇದಕ್ಕೆ ಮೀಮಾಂಸೆಯೇ ಬೇಕಿರಲಿಲ್ಲ. ಕೋಡ್ ಓಡಿಸಿ ನೋಡಿ, ಆಮೇಲೆ ಮತ ಹಾಕಿ. ಉದಾಹರಣೆಗೆ, ಪೈಥಾನ್ 2ಕ್ಕೆ 2020ರಲ್ಲೇ ಬೆಂಬಲ ನಿಂತಿದೆ. ಆ ಕಾಲದ ಉತ್ತರ ಇನ್ನೂ ತುದಿಯಲ್ಲಿ ಕೂತಿದ್ದರೆ ಅದಕ್ಕೊಂದು ನಮಸ್ಕಾರ ಹೇಳಿ, ಕೆಳಗೆ ಬಿದ್ದಿರುವ ಹೊಸದಕ್ಕೆ ಒತ್ತಿ. ಅಧೋಬಾಣ ಒತ್ತಲೇಬೇಕೆನಿಸಿದರೆ, ಏನು ತಪ್ಪೆಂದು ಒಂದು ಸಾಲು ಬರೆದು ಒತ್ತಿ, ಸ್ವಾಮಿ.