ಕಡಲೆಕಾಯಿ ಚಿತ್ರ

ಮೈಟೋಕಾಂಡ್ರಿಯಾ ಎಂದರೇನು? ಜೀವಕೋಶದ ಶಕ್ತಿಕೇಂದ್ರ. ಹೈಸ್ಕೂಲಿನಲ್ಲಿ ಈ ಒಂದು ಅಂಕವನ್ನು ನಾನೆಂದೂ ಬಿಟ್ಟವನಲ್ಲ. ಚಿತ್ರಕ್ಕೆ ಇನ್ನೆರಡು ಅಂಕವಿತ್ತು. ನಾನು ಬರೆದದ್ದು ಕಡಲೆಕಾಯಿಯಂತೆ ಕಾಣುತ್ತಿದ್ದುದರಿಂದ ಅವು ಮೇಷ್ಟ್ರ ಬಳಿಯೇ ಉಳಿದವು.

ಮೊನ್ನೆ ಮೊಣಕಾಲು ನೋಯುತ್ತಿದೆಯೆಂದು ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡಿದು ಕೂತೆ. ಆ ಹೊತ್ತಿನಲ್ಲಿ ಮೊಬೈಲಿಗೆ ಗೊತ್ತಿರುವ ಕಾಯಿಲೆ ಕ್ಯಾನ್ಸರ್ ಒಂದೇ. ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರಿಗೆ ಮೊಣಕಾಲಿನ ಆಸುಪಾಸೇ ಇಷ್ಟವಂತೆ. ಹೆಚ್ಚಾಗಿ ಹಿಡಿಯುವುದು ಸರ್ರನೆ ಬೆಳೆಯುವ ಹದಿಹರೆಯದವರನ್ನು ಎಂದು ಓದಿ ಹಾಯೆನಿಸಿತು. ಮರುಕ್ಷಣ ನಾಚಿಕೆಯಾಯಿತು.

ಕೆನಡಾದ ಟೆರ್ರಿ ಫಾಕ್ಸ್‌ಗೆ ಅದು ಬಂದಾಗ ಹದಿನೆಂಟು ವರ್ಷ. 1977ರಲ್ಲಿ ಬಲಗಾಲು ತೆಗೆದರು. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು ದೇಶದುದ್ದ ಓಡಲು ಹೊರಟವನು 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ಅಷ್ಟರಲ್ಲಿ ರೋಗ ಶ್ವಾಸಕೋಶ ಹೊಕ್ಕಿತ್ತು. ನಾನು ಹಾಲು ತರುವುದಕ್ಕೂ ಸ್ಕೂಟರ್ ತೆಗೆಯುವವನು.

ಮೆಥೋಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸಿಸ್ಪ್ಲಾಟಿನ್: ಆ ಕಾಲದ ಔಷಧಗಳೇ ಇಂದಿಗೂ ಈ ಚಿಕಿತ್ಸೆಯ ಆಧಾರ. ಹಾಗಾಗಿ ಸಂಶೋಧಕರು ಬೇರೆ ಬಾಗಿಲುಗಳನ್ನೂ ತಟ್ಟುತ್ತಿದ್ದಾರೆ. ಅವುಗಳಲ್ಲೊಂದು ನನ್ನ ಕಡಲೆಕಾಯಿಯದು.

ಅದರೊಳಗೆ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಇದೆ. ಒಳಗಿದ್ದರೆ ಶಕ್ತಿ ತಯಾರಿಕೆಗೆ ಕೈಜೋಡಿಸುವ ಅಡುಗೆಭಟ್ಟ. ಹೊರಗೆ ಸೋರಿದರೆ ಕೋಶದ ಪಾಲಿಗೆ ಯಮದೂತ. ಈ ಎರಡನೆಯ ಉದ್ಯೋಗ ಬಯಲಾದದ್ದು 1996ರಲ್ಲಿ, ಶಿಯಾಡಾಂಗ್ ವಾಂಗ್ ಅವರ ಪ್ರಯೋಗಾಲಯದಲ್ಲಿ. ನಮ್ಮ ಮೇಷ್ಟ್ರಿಗೆ ತಿಳಿದಿರಲಿಲ್ಲ, ಪಾಪ. ಭಟ್ಟನನ್ನು ಹೊರಬಿಡದಂತೆ ಬಾಗಿಲು ಕಾಯುವವು ಬಿಸಿಎಲ್-2, ಬಿಸಿಎಲ್-ಎಕ್ಸ್‌ಎಲ್, ಎಂಸಿಎಲ್-1 ಎಂಬ ಪ್ರೋಟೀನುಗಳು. ಸಾಯಬೇಕಾದ ಕ್ಯಾನ್ಸರ್ ಕೋಶ ಇಂಥ ಕಾವಲುಗಾರರನ್ನು ಹೆಚ್ಚೆಚ್ಚು ನೇಮಿಸಿಕೊಂಡು ಬದುಕುತ್ತದೆ.

ಕಾವಲುಗಾರನನ್ನು ಎತ್ತಂಗಡಿ ಮಾಡಿದರಾಯಿತಲ್ಲ? ರಕ್ತದ ಕ್ಯಾನ್ಸರಿನಲ್ಲಿ ಮಾಡಿಯೂ ಆಗಿದೆ: ಬಿಸಿಎಲ್-2 ಅನ್ನು ಹಿಡಿಯುವ ವೆನೆಟೊಕ್ಲಾಕ್ಸ್‌ಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂಳೆಯ ಕಥೆ ಅಷ್ಟು ಸಲೀಸಲ್ಲ. ಬಿಸಿಎಲ್-ಎಕ್ಸ್‌ಎಲ್ ಅನ್ನು ತಡೆದರೆ ಪ್ರಯೋಗಾಲಯದಲ್ಲಿ ಆಸ್ಟಿಯೋಸಾರ್ಕೋಮಾ ಕೋಶಗಳೇನೋ ಸೊರಗುತ್ತವೆ. ಆದರೆ ಅದೇ ಕಾವಲುಗಾರ ರಕ್ತದ ಪ್ಲೇಟ್‌ಲೆಟ್‌ಗಳ ಮನೆಯಲ್ಲೂ ಡ್ಯೂಟಿಯಲ್ಲಿದ್ದಾನೆ. ಅವನನ್ನು ಕಿತ್ತರೆ ಪ್ಲೇಟ್‌ಲೆಟ್ ಕುಸಿಯುತ್ತದೆ. ಎಂಸಿಎಲ್-1 ಇಲ್ಲದೆ ಹೃದಯಕ್ಕೆ ಕಷ್ಟ. ಕ್ಯಾನ್ಸರ್ ಎಂಬ ಕಳ್ಳನ ಮನೆಯ ಕಾವಲುಗಾರನನ್ನಷ್ಟೇ ಕೆಲಸದಿಂದ ಬಿಡಿಸುವ ಉಪಾಯ ಹುಡುಕುತ್ತಿದ್ದಾರೆ.

ನನ್ನ ಮಂಡಿಯದು ಬರೀ ಸವೆತ, ತೂಕ ಇಳಿಸಿ ಎಂದರು ಡಾಕ್ಟರು. ಸಂಜೆ ಮಗಳ ಮಗಳು ವಿಜ್ಞಾನದ ನೋಟ್‌ಬುಕ್ ತಂದಳು. ಕಾವಲುಗಾರರ ಕಥೆ ಅರ್ಧ ಗಂಟೆ ಹೇಳಿದೆ.

“ತಾತ, ಒಂದ್ ಮಾರ್ಕ್‌ಗೆ ಇಷ್ಟೆಲ್ಲ ಬರೀಬೇಕಾ?”

ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಇವಳದು ಪೂರ್ತಿ ನನ್ನ ಹೆಂಡತಿಯ ತವರಿನ ಆಸ್ತಿ, ನನ್ನ ಪಾಲು ಸೊನ್ನೆ. ಪುಟ ತಿರುವಿ ಅವಳು ಬರೆದ ಚಿತ್ರ ನೋಡಿದೆ. ಅಪ್ಪಟ ಕಡಲೆಕಾಯಿ.